ಅಕ್ಕನ ಮಾತ್ರೆ, ನನ್ನ ಅಂಗೈ

ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆಗೆ ಕೊಡಿ, ಮಾತ್ರೆ ನಡುವೆ ಬಿಡಬೇಡಿ, ಕ್ಷಯ ಬಂದವರನ್ನು ದೂರ ಇಡಬೇಡಿ. ಈ ಮಾತು ನನಗೆ ಕಂಠಪಾಠ. ಓಮಲೂರಿನ ಸುತ್ತ ನೇಯುವವರ ಬೀದಿಗಳಲ್ಲಿ, ಅದಿಯಮಾನ್‌ಕೋಟೆಯ ಹತ್ತಿರ ಲಾರಿ ನಿಲ್ಲುವ ಕಡೆ, ತಮಿಳಲ್ಲೂ ಕನ್ನಡದಲ್ಲೂ ಇದನ್ನೇ ಹೇಳಿಕೊಂಡು ತಿರುಗುತ್ತೇನೆ. ಲಾರಿಯವರಿಗೆ ಎಚ್‌ಐವಿ ಪರೀಕ್ಷೆಯ ಮಾತೂ ಸೇರುತ್ತದೆ. ಕೂತಲ್ಲಿ ಕೂರಲಾರದ ಜಾತಕ ನನ್ನದು, ಈ ಆರೋಗ್ಯ ಪ್ರಚಾರದ ಕೆಲಸ ಒಗ್ಗಿತು.

ಇತ್ತ ಮನೆಯಲ್ಲಿ ನನ್ನ ಓರಗಿತ್ತಿ ಎರಡು ತಿಂಗಳಿಂದ ಕೆಮ್ಮುತ್ತಿದ್ದಳು. ಅಕ್ಕ ಎಂದೇ ನಾನು ಕರೆಯುವುದು. ಬಾಯಿ ಜೋರು, ಆದರೆ ನನ್ನ ಎರಡು ಬಾಣಂತನವನ್ನೂ ಮಾಡಿದವಳು. ಮಗ್ಗದ ಮನೆಯಲ್ಲಿ ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನೂಲಿನ ದೂಳು ಅಂದರೆ ಮುಗಿಯಿತು. ನಾನೂ ಹಾಗೇ ಅಂದುಕೊಂಡೆ. ಊರಿಗೆಲ್ಲ ಕಫದ ಡಬ್ಬಿ ಹಂಚುವ ಮಹಾತಾಯಿಗೆ ಮನೆಗೊಂದು ತರಬೇಕೆಂದು ಹೊಳೆಯಲಿಲ್ಲ. ಅವಳ ರವಿಕೆ ತೋಳಲ್ಲಿ ಜೋಲುವುದನ್ನು ಕಂಡ ದಿನವೇ ಡಬ್ಬಿ ತಂದು ಅವಳ ಕೈಗಿಟ್ಟೆ. ಪರೀಕ್ಷೆಯಲ್ಲಿ ಕ್ಷಯ ಅಂತಲೇ ಬಂತು. ಎಚ್‌ಐವಿ ಇರಲಿಲ್ಲ, ಮಕ್ಕಳನ್ನೂ ತೋರಿಸಿದೆವು, ಅವರು ಚೆನ್ನಾಗಿದ್ದರು.

ಆರು ತಿಂಗಳ ಮಾತ್ರೆ, ಕಣ್ಣೆದುರೇ ನುಂಗಿಸುವ ಹೊಣೆ ನನ್ನದು. ದಿನಾ ಬೆಳಿಗ್ಗೆ ನನ್ನ ಅಂಗೈಯಿಂದ ಎತ್ತಿಕೊಂಡು ನುಂಗಿ, "ಆಯ್ತಲ್ಲ ಡಾಕ್ಟ್ರಮ್ಮ, ಇನ್ ಓಗು" ಎಂದು ರೇಗಿಸುತ್ತಿದ್ದಳು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಕಫದಲ್ಲಿ ಏನೂ ಇಲ್ಲವೆಂದು ಬಂತು. ಮತ್ತೆ ಮಗ್ಗಕ್ಕೆ ಕೂತಳು.

ನಮ್ಮಿಬ್ಬರಿಗೂ ಒಂದೇ ಮಗ್ಗ, ಒಂದೇ ಲಾಳಿ. ಲಾಳಿಯೊಳಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗ ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು ಉಸಿರೆಳೆಯಬೇಕು, ನೂಲಿನ ತುದಿ ಹೊರಗೆ ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಮಾಡುವುದು. ಅವತ್ತು ಅಕ್ಕ ನೂಲೆಳೆದು ಒಂದಿಷ್ಟು ನೇಯ್ದು, ಒಲೆಯ ಕಡೆ ಎದ್ದು ಹೋಗುತ್ತಾ ಲಾಳಿಯನ್ನು ನನ್ನ ಕೈಗೆ ಕೊಟ್ಟಳು. ಕಂಡಿಕೆ ಮುಗಿಯಿತು, ಹೊಸದು ಹಾಕಿದೆ, ಬಾಯಿಯ ಹತ್ತಿರ ತಂದೆ. ಆಗಲಿಲ್ಲ. ಇದು ಹರಡುವುದು ಕೆಮ್ಮಿದ ಗಾಳಿಯಲ್ಲಿ, ತಟ್ಟೆ ಲೋಟದಿಂದಲ್ಲ, ಅವಳಿಂದ ಈಗ ಅದೂ ಇಲ್ಲ. ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ತಲೆಯ ಪಿನ್ನು ಕಿತ್ತು, ತುದಿ ಬಗ್ಗಿಸಿ, ನೂಲನ್ನು ಕೊಕ್ಕೆಯಲ್ಲಿ ಎಳೆದುಕೊಂಡೆ. ತಿರುಗಿದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

ಮರುದಿನ ನಾನು ಅಂಗೈ ಚಾಚಿದರೆ ಅವಳು ಮಾತ್ರೆ ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ನಡುವೆ ಬಿಟ್ಟರೆ ರೋಗ ಮೊದಲಿಗಿಂತ ಗಟ್ಟಿಯಾಗಿ ತಿರುಗಿ ಬರಬಹುದೆಂದು ನನಗೆ ಗೊತ್ತು. ಮನೆಗೂ ಬೀದಿಗೂ ಸುಮ್ಮನೆ ಓಡಾಡಿದೆ. ನನ್ನ ಮೇಲೆ ನನಗೇ ಅಸಹ್ಯ.

"ತಪ್ಪಾಯ್ತು ಅಕ್ಕ. ನನ್ನ ಬೈಯಿ, ಮಾತ್ರೆ ಮೇಲೆ ಕೋಪ ಬ್ಯಾಡ" ಎಂದೆ.

"ನಿನ್ ಮಾತು ನಂಬ್ಕೊಂಡು ನಂಗೆ ವಾಸಿ ಆಯ್ತು, ಯಾರೂ ಬಯ ಬೀಳಬ್ಯಾಡಿ ಅಂತ ಬೀದಿಗೆಲ್ಲ ಏಳ್ಕೊಂಡ್ ಬಂದೆ ಕಣೆ" ಎಂದಳು. "ನೀನು ಸುಮ್ಮಾ ಏಳ್ತಿದ್ದೆ ಅಂತ ಗೊತ್ತಾಗ್ಲಿಲ್ಲ."

ಮೂರನೆಯ ದಿನ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಟಳು. ಹಿಂದೆಯೇ ಓಡಿದೆ. ಓಮಲೂರಿನ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಹೆಂಗಸಿನ ಹತ್ತಿರ ಹೋಗುತ್ತಾಳಂತೆ, ಇನ್ನು ದಿನಾ ಅಲ್ಲೇ. ಹೆಂಗಸರಿಗೆ ಟಿಕೆಟ್ಟಿಲ್ಲದ ಟೌನ್ ಬಸ್ಸು ಬಂದು ನಿಂತಿತು.

"ಮನೇಲೇ ನಾನಿಲ್ವಾ ಅಕ್ಕ, ಅಷ್ಟು ದೂರ ಯಾಕೆ?"

ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದಳು: "ಅವಮ್ಮ ನಂಗೆ ಯಾರೂ ಅಲ್ಲ. ಅವ್ಳು ನನ್ನ ಕಂಡು ಇಂದಕ್ಕೆ ಸರಿದ್ರೂ ನಂಗೆ ನೋವಾಗಲ್ಲ."

ಉಳಿದ ನಾಲ್ಕು ತಿಂಗಳೂ ಆ ಬಸ್ಸಿಗೇ ಹೋದಳು. ಒಂದು ದಿನವೂ ತಪ್ಪಿಸಲಿಲ್ಲ.