ತವರಿನ ಸೀರೆ ಮತ್ತು ಸೊಲ್ಲಾಪುರದಾಕಿ

ಆ ದಿನ ನಿಜವಾಗಿ ಏನು ನಡೆಯಿತೆಂದು ಖಚಿತವಾಗಿ ಹೇಳಲಾರೆ. ಎಲ್ಲ ನೆನಪಿದೆ ಎಂದು ಎರಡು ವರ್ಷ ಹೇಳಿಕೊಂಡು ಬಂದೆ; ಹೇಳುತ್ತ ಹೇಳುತ್ತ ಆ ನೆನಪಿಗೆ ಬಿಸಿಲು, ಬೇವಿನ ಮರದ ನೆರಳು, ಕಾದ ಸ್ಟಿಯರಿಂಗಿನ ಚುರುಕು ಎಲ್ಲ ಒಂದೊಂದಾಗಿ ಬಂದು ಕೂಡಿಕೊಂಡವು. ಈಗ ನನ್ನ ಕಡೆ ಮುಖ್ಯ ಸಾಕ್ಷಿಯೆಂದು ಇರುವುದು ಒಂದೇ: ನನ್ನ ಕಾರಿನ ಮುಂಭಾಗದಲ್ಲಿ ಕಂಪನಿಯವರೇ ಕೂರಿಸಿಕೊಟ್ಟ, ದಾರಿ ತೋರಿಸುವ ಅಂಗೈಯಗಲದ ಪರದೆ. ಅದರ ಎಡ ಮೂಲೆಯಲ್ಲಿ ಎಷ್ಟು ಒರೆಸಿದರೂ ಹೋಗದ ವಿಭೂತಿಯ ಮೂರು ಗೆರೆಗಳಿವೆ.

ಆ ಗೆರೆ ಎಳೆದವಳು ನನ್ನ ಅಕ್ಕ. ಸೊಲ್ಲಾಪುರದ ಡಾಕ್ಟರರೊಬ್ಬರಿಂದ ಈ ಹಳೆಯ ಕಾರನ್ನು ಕೊಂಡು ತಂದ ವಾರದಲ್ಲೇ ನಿಂಬರ್ಗಾದ ಅವಳ ಮನೆಯ ಮುಂದೆ ಒಯ್ದು ನಿಲ್ಲಿಸಿದ್ದೆ. ಅವಳು ಗಾಲಿಗಳಿಗೆ ನಿಂಬೆಹಣ್ಣು ಇಟ್ಟು, ಒಳಗೆ ಬಗ್ಗಿ, ಮಾತಾಡುವ ಆ ಪರದೆಗೇ ವಿಭೂತಿ ಹಚ್ಚಿಬಿಟ್ಟಳು. ಟಚ್ ಕೆಟ್ಟುಹೋಗುತ್ತದೆ ಎಂದು ನಾನು ಗದರಿದೆ. “ವಿಭೂತಿ ಹಚ್ಚಿದ್ರ ಕೆಡೂ ಮಷೀನು ಹಾದಿ ಏನ್ ತೋರಸ್ತದಲೇ ತಮ್ಮಾ?” ಎಂದು ಅವಳು ನಕ್ಕಳು.

ಟಚ್ ಮುಂದೆ ಕೆಟ್ಟದ್ದು ನಿಜ. ಆದರೆ ಅದು ವಿಭೂತಿಯಿಂದಲ್ಲ. ಆ ಯಂತ್ರಕ್ಕೆ ಹುಟ್ಟಿನಿಂದಲೇ ಕೆಲವು ಹಟಗಳಿದ್ದವು, ಕೆಲವನ್ನು ನಾನು ಕಲಿಸಿದ್ದೆ. ಮನೆಯ ಚಿತ್ರವಿರುವ ಗುಂಡಿ ಒತ್ತಿದರೆ ಅದು ಆಳಂದದಲ್ಲಿರುವ ನನ್ನ ಮನೆಯನ್ನು ಬಿಟ್ಟು ಸೊಲ್ಲಾಪುರದ ಡಾಕ್ಟರರ ಮನೆಗೆ ಹೊರಡುತ್ತಿತ್ತು. ಅದರೊಳಗಿನ ಹೆಣ್ಣು ಧ್ವನಿ, ನಾನು ಕಾಲೇಜಿಗೆ ಹೊರಟಾಗಲೆಲ್ಲ, ಹಿಂದಿರುಗಿ ಹೋಗಿರೆಂದು ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿತ್ತು. ಅದಕ್ಕೇ ಅಕ್ಕ ಅದಕ್ಕೆ ಸೊಲ್ಲಾಪುರದಾಕಿ ಎಂದು ಹೆಸರಿಟ್ಟಿದ್ದಳು. “ಪಾಪ, ಅಕೀಗಿ ತವರ ನೆನಪಾಗ್ಯಾದ” ಎನ್ನುತ್ತಿದ್ದಳು. ವಿಳಾಸ ಬದಲಿಸುವುದು ಎರಡು ನಿಮಿಷದ ಕೆಲಸ. ನಾನು ಎರಡು ವರ್ಷ ಬದಲಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಕಂಡದ್ದನ್ನೆಲ್ಲ ಶಂಕಿಸಬೇಕೆಂದು ಕಲಿತು, ಮಕ್ಕಳಿಗೂ ಅದನ್ನೇ ಕಲಿಸುವ ಮನುಷ್ಯ ನಾನು. ಆದರೆ ಕೈಪಿಡಿ ಓದುವುದೆಂದರೆ ನನಗೆ ಸೋಲೊಪ್ಪಿದಂತೆ.

ಇನ್ನು ಆ ದಿನಕ್ಕೆ ಬರುತ್ತೇನೆ, ಗೆಳೆಯರೇ. ಇಷ್ಟು ಹೊತ್ತು ಸುತ್ತು ಹಾಕಿದ್ದೂ ನಾಚಿಕೆಯಿಂದಲೇ.

ಅದು ಬೇಸಿಗೆ. ನಮ್ಮ ತಾಯಿಯ ಅಕ್ಕ, ನಾವು ದೊಡ್ಡವ್ವ ಎನ್ನುತ್ತಿದ್ದ ಹಿರಿಯಳು, ಭೀಮಾ ನದಿಯ ಆಚೆ ದಂಡೆಯಲ್ಲಿ, ಜೇವರ್ಗಿ ತಾಲೂಕಿನ ತನ್ನ ಗಂಡನ ಊರಿನಲ್ಲಿ ತೀರಿಕೊಂಡಳು. ಮಧ್ಯಾಹ್ನ ಎರಡಕ್ಕೆ ಮಣ್ಣು ಎಂದು ಫೋನು ಬಂತು. ಗಂಡನ ಮನೆಯಲ್ಲಿ ಸತ್ತ ಹೆಣ್ಣುಮಗಳಿಗೆ ಕೊನೆಯದಾಗಿ ಹೊದಿಸುವ ಸೀರೆ ತವರಿನಿಂದ ಬರಬೇಕು. ಅದು ಬಾರದೆ ಮಣ್ಣಿಗೆ ಒಯ್ದರೆ ಆ ಹೆಣ್ಣಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲವೆಂದು ಸಾರಿದ ಹಾಗೆ. ದೊಡ್ಡವ್ವನ ತವರು ನಿಂಬರ್ಗಾ. ನನ್ನ ಅಕ್ಕನನ್ನು ಕೊಟ್ಟದ್ದು ಅದೇ ಮನೆಗೆ, ನಮ್ಮ ಸೋದರಮಾವನ ಮಗನಿಗೆ. ಹೀಗಾಗಿ ಸೀರೆ ಒಯ್ಯುವ ಹೊಣೆ ಅಕ್ಕನದು. ಅದು ಹೊಣೆಯಷ್ಟೇ ಆಗಿರಲಿಲ್ಲ. ನಾನು ಹುಟ್ಟಿದ ಮೇಲೆ ಅವ್ವ ಹಾಸಿಗೆ ಹಿಡಿದಾಗ, ಮೂರು ವರ್ಷದ ಅಕ್ಕನನ್ನು ಒಯ್ದು ಶಾಲೆಗೆ ಹಾಕುವವರೆಗೂ ಸಾಕಿದವಳು ದೊಡ್ಡವ್ವ. ಭಾವ ಪರಸ್ಥಳದಲ್ಲಿದ್ದರು. ನಾನು ಆಳಂದದಿಂದ ನಿಂಬರ್ಗಾಕ್ಕೆ ಹೋಗಿ ಅಕ್ಕನನ್ನು ಕೂರಿಸಿಕೊಂಡೆ. ಅವಳ ತೊಡೆಯ ಮೇಲೆ ಹಸಿರು ಇಳಕಲ್ ಸೀರೆ ಇತ್ತು.

ಅಫಜಲಪುರದ ಹತ್ತಿರ ದಾರಿ ಒಡೆಯುತ್ತದೆ. ಅಕ್ಕ ಬಲಕ್ಕೆ ಕೈ ಮಾಡಿದಳು.

“ಹಿಂಗ ಹೊಂಡು. ಬ್ಯಾರೇಜ್ ಮ್ಯಾಲಿಂದ ಹಾದ್ರ ಅಲ್ಲೇ ಊರು.”

ಸೊಲ್ಲಾಪುರದಾಕಿ ಎಡಕ್ಕೆ ಎಂದಳು. ಪರದೆಯಲ್ಲಿ ಬಲಕ್ಕಿದ್ದದ್ದು ಅಡ್ಡಲಾಗಿ ಹರಿದ ದಪ್ಪನೆಯ ನೀಲಿ ಗೆರೆ. ಅದರ ಮೇಲೆ ದಾರಿಯ ಸುಳಿವೂ ಇರಲಿಲ್ಲ.

“ಇಲ್ಲಿ ಬರೇ ನೀರು ತೋರ್ಸಾಕತ್ತದ ಅಕ್ಕಾ.”

“ಈ ಬ್ಯಾಸಗಿದಾಗ ನದ್ಯಾಗ ನೀರೆಲ್ಲಿ ಬಂದಾವೋ? ಹೋದ ವರ್ಸ ನಾವು ಟಂಟಂ ಆಟೋದಾಗ ಹೋಗಿ ಬಂದೇವಿ. ಸೊಲ್ಲಾಪುರದಾಕೀಗಿ ನಮ್ಮ ಹೊಳಿ ಏನ್ ಗೊತ್ತು?”

“ಮ್ಯಾಲಿಂದ ನೋಡಿ ಹೇಳ್ತದ ಅಕ್ಕಾ ಇದು. ನೀ ಸುಮ್ಮ ಕೂಡು.”

ಈ ಮಾತು ಆಡಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಶಂಕೆಯೇ ನನ್ನ ಧರ್ಮವೆಂದು ಬೀಗುವ ನಾನು, ಆ ಕವಲಿನಲ್ಲಿ, ನದಿಯನ್ನು ಕಣ್ಣಾರೆ ಕಂಡು ದಾಟಿದ್ದವಳನ್ನು ಶಂಕಿಸಿದೆ. ನದಿಯನ್ನೇ ಕಾಣದ ಪೆಟ್ಟಿಗೆಯನ್ನು ನಂಬಿದೆ. ಅದು ಉಪಗ್ರಹದಿಂದ ಕೇಳಿ ತಿಳಿಯುವುದು ನಾವು ಎಲ್ಲಿದ್ದೇವೆ ಎಂಬುದನ್ನು ಮಾತ್ರ, ದಾರಿ ಎಲ್ಲಿದೆ ಎಂಬುದನ್ನು ತನ್ನ ಹೊಟ್ಟೆಯಲ್ಲಿರುವ ನಕ್ಷೆಯಿಂದಲೇ ಹೇಳಬೇಕು, ಆ ನಕ್ಷೆ ಬ್ಯಾರೇಜು ಕಟ್ಟುವುದಕ್ಕೂ ಮೊದಲಿನದು ಎಂಬ ಸಂಗತಿಗಳನ್ನು ನಾನು ಕಲಿತದ್ದು ಬಹಳ ತಡವಾಗಿ. ಎಡಕ್ಕೆ ಹೊರಳಿಸಿದೆ. ಕಲಬುರಗಿಯ ದಿಕ್ಕಿಗೆ ಹೋಗಿ, ಅಲ್ಲಿಂದ ಜೇವರ್ಗಿಗೆ ಇಳಿದು, ಮತ್ತೆ ಪಡುವಲಕ್ಕೆ ನದಿ ದಂಡೆ ಹಿಡಿದು, ದೊಡ್ಡವ್ವನ ಊರಿಗೆ ಬೆನ್ನ ಕಡೆಯಿಂದ ಬಂದೆವು. ಅಕ್ಕ ದಾರಿಯುದ್ದಕ್ಕೂ ಸೀರೆಯ ಮಡಿಕೆ ಸರಿಮಾಡುತ್ತಲೇ ಇದ್ದಳು.

ನಾವು ಕಾರಿಳಿದಾಗ ಗಂಡಸರು ಹೊಲದಿಂದ ಮರಳಿ ಬಂದು ಕಾಲು ತೊಳೆಯುತ್ತಿದ್ದರು.

ದೊಡ್ಡವ್ವನ ಹಿರಿಯ ಸೊಸೆ, ನಾವು ವೈನಿ ಎನ್ನುವವರು, ಕಟ್ಟೆಯಿಂದ ಎದ್ದು ಬಂದರು. “ಎಷ್ಟು ಹಾದಿ ನೋಡೇವ್ರಿ! ಎರಡರ ಮಣ್ಣು ಮೂರರ ತನಕ ಹಿಡದೇವು. ಕಡೀಕ ನನ್ನ ಪೆಟಗಿದಾಗಿನ ಸೀರೀನೇ ಹೊದಿಸಿ ಕಳಿಸಿದೇವ್ರಿ” ಎಂದರು. ಎಲ್ಲರ ಕಣ್ಣೂ ನಮ್ಮ ಮೇಲಿತ್ತು. ಆಗ ನಾನು ಹೇಳಿದೆ: “ಏನ್ ಮಾಡೂದ್ರಿ ವೈನಿ, ಅಕ್ಕ ಮನೀ ಬಿಡೂದೇ ತಡ ಆತು.”

ಆ ವಾಕ್ಯ ಎಲ್ಲಿಂದ ಬಂತೋ! ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿದ್ದಂತೆ ಬಂತು. ಗೋಡೆಗೊರಗಿ ಕುಳಿತಿದ್ದ ಮುದುಕಿಯೊಬ್ಬಳು ಅಕ್ಕನ ಕಡೆ ತಿರುಗಿ, “ಒಂದು ಸೀರಿ ತಗ್ಯಾಕ ಅಷ್ಟು ಹೊತ್ತೇನಬೇ? ನಿನ್ನ ಕುಂಡಿ ತೊಳದು ದೊಡ್ಡಾಕಿ ಮಾಡಿದಾಕಿ ಅಕಿ” ಎಂದಳು. ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬಹುಶಃ ಸತ್ಯ ಒಪ್ಪಿಕೊಳ್ಳುತ್ತಿದ್ದೆ. ಅಲ್ಲಿದ್ದದ್ದು ಬರಿಯ ಆಶ್ಚರ್ಯ. ಅವಳು ಸೀರೆ ಹಿಡಿದುಕೊಂಡೇ ಹೋಗಿ ಹೆಂಗಸರ ನಡುವೆ ಕುಳಿತಳು. ಮರಳುವಾಗ ಊರವರು ಬ್ಯಾರೇಜಿನ ದಾರಿಗೆ ಹಚ್ಚಿ ಕಳಿಸಿದರು. ಕೆಳಗೆ ನದಿಯಲ್ಲಿ ಬರೀ ಉಸುಕು. ಪರದೆಯ ಮೇಲೆ ನಮ್ಮ ಕಾರು ನೀಲಿ ನೀರಿನ ನಟ್ಟನಡುವೆ ತೇಲುತ್ತಿತ್ತು. ಸೀರೆ ಅಕ್ಕನ ತೊಡೆಯ ಮೇಲೆಯೇ ನಿಂಬರ್ಗಾಕ್ಕೆ ಹಿಂದಿರುಗಿತು.

ಸುಳ್ಳು ಹೇಳಿದೆನೆಂದು ಒಪ್ಪಿಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಸುಳ್ಳಾಗಿ ಉಳಿಯಲಿಲ್ಲ, ನಿಧಾನವಾಗಿ ನೆನಪಾಯಿತು. ನಿಂಬರ್ಗಾದಲ್ಲಿ ಬೇವಿನ ಮರದ ಕೆಳಗೆ ನಾನು ನಿಂತೇ ಇದ್ದೇನೆ, ಮೂರು ಸಲ ಹಾರ್ನ್ ಹೊಡೆದಿದ್ದೇನೆ, ಒಳಗೆ ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚುವ ಸದ್ದು ಕೇಳುತ್ತಲೇ ಇದೆ, ಅಕ್ಕ ಬರುತ್ತಿಲ್ಲ. ಹೆಂಡತಿಗೆ ಹೇಳಿದೆ, ಭಾವನಿಗೂ ಹೇಳಿದೆ. ಒಮ್ಮೆ ಇನ್ನೂ ಮುಂದೆ ಹೋಗಿ, ಹವಳಗಾದ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡದ್ದನ್ನೂ ವರ್ಣಿಸಿದೆ. “ಬ್ಯಾಸಗಿದಾಗ ಕಾರ್ಖಾನಿ ಎಲ್ಲಿ ಚಾಲೂ ಇರ್ತದ್ರಿ?” ಎಂದು ಹೆಂಡತಿ ಕೇಳಿದಾಗ ಮಾತ್ರ ಬೆಚ್ಚಿದೆ. ಆ ಟ್ರ್ಯಾಕ್ಟರುಗಳು ಮತ್ಯಾವುದೋ ಪಯಣದಿಂದ ಬಂದು ಇಲ್ಲಿ ಸಾಲು ಹಚ್ಚಿ ನಿಂತಿದ್ದವು. ಹಾಗಾದರೆ ಬೇವಿನ ಮರ? ಆ ಹಾರ್ನು? ಅವು ಎಲ್ಲಿಂದ ಬಂದವು?

ಉತ್ತರ ಸಿಕ್ಕಿದ್ದು ರಿಪೇರಿಯಿಂದ. ಈ ಸಲದ ರಜೆಯಲ್ಲಿ ಪರದೆ ತೀರ ಸೋಮಾರಿಯಾಯಿತು: ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಮೂಡುವುದು, ಕಾರು ಒಂದು ಕಡೆ ಇದ್ದರೆ ಬಾಣ ಹೊಲದಲ್ಲಿ ಓಡುವುದು. ಬೇರೆ ದಾರಿ ಕಾಣದೆ ಕೈಪಿಡಿ ತೆರೆದೆ, ಪುಟ ತಿರುವಿದಂತೆಲ್ಲ ನನ್ನ ಅಜ್ಞಾನ ನನಗೇ ಕಾಣಿಸತೊಡಗಿತು. ಪರದೆಯ ನಾಲ್ಕು ಮೂಲೆ ಒತ್ತಿ ಟಚ್ಚನ್ನು ಸರಿಹೊಂದಿಸಬಹುದಂತೆ, ಹೊಂದಿಸಿದೆ. ಬಾಣ ದಾರಿ ತಪ್ಪಿದರೆ ಮರ, ಮಾಳಿಗೆ ಇಲ್ಲದ ಬಯಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಅದು ತನ್ನ ನೆಲೆ ತಾನೇ ಹುಡುಕಿಕೊಳ್ಳುತ್ತದಂತೆ, ಹುಡುಕಿಕೊಂಡಿತು. ಹೊಸ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು, ಎಂಜಿನ್ ಚಾಲೂ ಇಟ್ಟುಕೊಂಡೇ ತುಂಬಬೇಕು, ನಡುವೆ ಬಂದ್ ಮಾಡಬಾರದು. ತುಂಬಿದೆ. ಭೀಮೆಯ ನೀಲಿಯ ಮೇಲೆ ತೆಳ್ಳನೆಯ ಹಳದಿ ಎಳೆಯೊಂದು ಮೂಡಿತು. ಮನೆಯ ಗುಂಡಿಗೆ ಕೊನೆಗೂ ಆಳಂದದ ವಿಳಾಸ ಕೊಟ್ಟೆ. ನಕ್ಷೆಯಲ್ಲಿಲ್ಲದ ಜಾಗಗಳನ್ನು ನಾವೇ ಗುರುತು ಮಾಡಿ ಹೆಸರಿಡಬಹುದೆಂದು ತಿಳಿದು, ಜಿಡಗಾದ ಮಠಕ್ಕೆ ಹೋಗುವಾಗ ನಾವು ಬುತ್ತಿ ಬಿಚ್ಚುವ ಬಾವಿಗೂ ಒಂದು ಗುರುತು ಹಾಕಿದೆ. ಇಷ್ಟಾದರೂ ಯಂತ್ರ ಚುರುಕಾಗಲಿಲ್ಲ. ಅದಕ್ಕೆ ಕೈಪಿಡಿಯ ಪರಿಹಾರ ಹೀಗಿತ್ತು: ಯಂತ್ರ ಸಾಗಿ ಬಂದ ಹಾದಿಗಳ ದಾಖಲೆ ತುಂಬಿಕೊಂಡಿರಬಹುದು, ಹಳೆಯದನ್ನು ಅಳಿಸಿರಿ.

ಅಳಿಸಲೆಂದೇ ತೆರೆದೆ. ಡಾಕ್ಟರರ ಕಾಲದಿಂದ ಹಿಡಿದು ದಿನದಿನದ ಹಾದಿಗಳು ಸಾಲಾಗಿ ನಿಂತಿದ್ದವು. ಒಂದೊಂದನ್ನು ಮುಟ್ಟಿದರೆ ನಕ್ಷೆಯ ಮೇಲೆ ಚುಕ್ಕಿಗಳ ಎಳೆ. ಕಾರು ನಿಂತ ಕಡೆ ದೊಡ್ಡ ಚುಕ್ಕಿ, ಬಂದ ಹೊತ್ತು, ಬಿಟ್ಟ ಹೊತ್ತು. ಆ ದಿನದ ತಾರೀಖೂ ಅಲ್ಲಿತ್ತು. ಶಾಸನಕ್ಕಾಗಿ ಊರೂರು ಅಲೆದ ನನಗೆ, ನನ್ನದೇ ಬದುಕಿನ ಶಾಸನವೊಂದು ಕೈಯಳತೆಯಲ್ಲಿ ಸಿಕ್ಕಿದಾಗ ಓದುವ ಧೈರ್ಯವಾಗಲಿಲ್ಲ. ಅಳಿಸು ಎಂಬ ಗುಂಡಿ ಪಕ್ಕದಲ್ಲೇ ಇತ್ತು. ಯಂತ್ರದ ಆರೋಗ್ಯಕ್ಕೂ ಅದೇ ಒಳ್ಳೆಯದಿತ್ತು. ಒಂದು ವಾರ ಅದನ್ನು ಒತ್ತಲೂ ಇಲ್ಲ, ಆ ತಾರೀಖನ್ನು ತೆರೆಯಲೂ ಇಲ್ಲ.

ಮೊದಲು ಅಕ್ಕನನ್ನೇ ಕೇಳಬೇಕೆನಿಸಿ ನಿಂಬರ್ಗಾಕ್ಕೆ ಹೋದೆ. ಅವಳು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಆ ದಿನ ಮನೆ ಬಿಡಲು ನಿಜಕ್ಕೂ ತಡವಾಗಿತ್ತೇ ಎಂದು ಕೇಳಿದೆ. ಇಲ್ಲ ಎಂದು ಸಿಡುಕುತ್ತಾಳೆ, ಆಗ ಕ್ಷಮೆ ಕೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ.

“ಹೌದ್ ತಮ್ಮಾ, ನಾನೇ ತಡ ಮಾಡಿದೆ. ಪೆಟಗಿ ಕೀಲಿ ಸಿಗಲಿಲ್ಲ ಅನಸ್ತದ. ಎಷ್ಟು ಸಲ ನೆನಸ್ಕೋತೇನಿ, ಆ ಸೀರಿ ಮೊದಲೇ ತಗದು ಹೊರಗ ಇಟ್ಟಿದ್ರ ಕಡೀ ಸಲ ದೊಡ್ಡವ್ವನ ಮಾರಿ ನೋಡ್ತಿದ್ದೆ.”

ಮೊರದ ಮೇಲೆ ಅವಳ ಕೈ ಆಡುತ್ತಲೇ ಇತ್ತು. ನನ್ನ ಸುಳ್ಳು ನನ್ನೊಬ್ಬನ ನೆನಪನ್ನಷ್ಟೇ ಕೆಡಿಸಿದೆ ಎಂದುಕೊಂಡಿದ್ದೆ. ಅದು ಅವಳ ತಲೆಯೊಳಗೆ ಹೊಕ್ಕು, ಇಲ್ಲದ ಕೀಲಿಯೊಂದನ್ನು ಎರಡು ವರ್ಷ ಹುಡುಕಿಸಿತ್ತು. ತಮ್ಮ ಓದಿದವನು, ಅವನಿಗೆ ತಪ್ಪು ನೆನಪಿರಲಾರದೆಂದು ಅವಳು ತನ್ನ ನೆನಪನ್ನೇ ನನ್ನ ಮಾತಿಗೆ ತಕ್ಕಂತೆ ತಿದ್ದಿಕೊಂಡಿದ್ದಳು.

ಅವಳನ್ನು ಎಬ್ಬಿಸಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿ, ಆ ತಾರೀಖು ತೆರೆದೆ. ಹಾದಿಯ ಎಳೆ ಮೂಡಿತು: ಅಫಜಲಪುರದ ಕವಲಿನವರೆಗೆ ನೆಟ್ಟಗೆ ಬಂದು, ಅಲ್ಲಿ ನದಿಗೆ ಬೆನ್ನು ತಿರುಗಿಸಿ, ದೊಡ್ಡ ಕೊಡಲಿಯ ಆಕಾರದಲ್ಲಿ ಸುತ್ತಿಕೊಂಡು ಹೋಗಿತ್ತು. ಅವಳು ಬೆರಳಿನಿಂದ ಆ ಸುತ್ತನ್ನು ಮೆಲ್ಲಗೆ ತೀಡಿ, “ಇಷ್ಟಗಲ ತಿರುಗಿಸಿದ್ಯೇನೋ ನನ್ನ?” ಎಂದಳು. ನಿಂಬರ್ಗಾದ ಚುಕ್ಕಿ ಎಡ ಮೂಲೆಯಲ್ಲಿ, ಅವಳೇ ಎಳೆದ ವಿಭೂತಿ ಗೆರೆಗಳ ಕೆಳಗೆ ಮಸುಕಾಗಿತ್ತು. ಅವಳು ಸೆರಗಿನಿಂದ ಒರೆಸಿದಾಗ ಗೆರೆ ಉಳಿದರೂ ಅಂಕಿ ಕಾಣುವಷ್ಟಾಯಿತು. ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ನಾನು ಓದಿ ಹೇಳಿದೆ. ಅಲ್ಲೇ ವೈನಿಗೆ ಫೋನು ಹಚ್ಚಿ, ಅಕ್ಕನ ಎದುರಿಗೇ, ಅಂದು ಕಟ್ಟೆಯ ಮುಂದೆ ಆಡಿದ ಮಾತು ಸುಳ್ಳೆಂದು ಹೇಳಿದೆ. ವೈನಿ, “ಅಕ್ಕಗ ಫೋನ್ ಕೊಡ್ರಿ” ಎಂದರು. ನಾನು ಕೊಟ್ಟು, ಕಾರಿಳಿದು ದೂರ ಹೋಗಿ ನಿಂತೆ.

ಆಳಂದಕ್ಕೆ ಬಂದ ಮೇಲೆ ನನ್ನ ಹಳೆಯ ಚಟ ಮತ್ತೆ ಕೆಣಕಿತು: ಯಂತ್ರದ ಗಡಿಯಾರವೇ ತಪ್ಪಿದ್ದರೆ? ಆ ದಿನ ನಿಂಬರ್ಗಾದಿಂದ ಹೊರಟ ಕೂಡಲೇ ಊರ ಹೊರಗಿನ ಪಂಪಿನಲ್ಲಿ ಡೀಸೆಲ್ ಹಾಕಿಸಿದ್ದ ರಸೀದಿ ಕೈಪಿಡಿಯ ಪುಟಗಳ ನಡುವೆ ಸಿಕ್ಕಿತು. ಅದರ ಮೇಲಿನ ಹೊತ್ತಿಗೂ ದಾಖಲೆಯ ಹೊತ್ತಿಗೂ ಹೋಲಿಸಿ ನೋಡಿದೆ. ಎರಡೂ ಕೂಡಿ ಬಂದವು. ಆ ದಿನ ಅಕ್ಕನ ಮನೆಯ ಮುಂದೆ ನನ್ನ ಕಾರು ನಿಂತದ್ದು ನಾಲ್ಕು ನಿಮಿಷ.