ಆಮೆನ್ ಹೇಳಲು ಹತ್ತು ಜನ

ಮಾರ್ಚ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಒಂದು ಐವತ್ತೆರಡಕ್ಕೆ, ಅಮೆರಿಕದ ಜೆರಿಕೋ ಊರಿನ ಸಮೀಪದ ಯಹೂದಿ ಸ್ಮಶಾನದಲ್ಲಿ, ಎಸ್ತರ್ ಎಂಬುವರ ಗೋರಿಯಿಂದ ಎಡಕ್ಕೆ ಮೂರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಒಂದು ಗಂಟೆಗೇ ಅಲ್ಲಿರಬೇಕಿತ್ತು.

ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯ ಸ್ಯಾಮ್ಯುಯೆಲ್‌ಗೆ ಎಂಬತ್ತಾರು ವರ್ಷ. ಕಾರು ಓಡಿಸುವುದನ್ನು ಬಿಟ್ಟಿದ್ದರು. ತಂಗಿ ಎಸ್ತರ್ ತೀರಿಕೊಂಡು ಒಂದು ವರ್ಷವಾಗಿತ್ತು. ಗೋರಿಯೆದುರು ಅವರು ಪ್ರಾರ್ಥನೆ ಹೇಳಬೇಕಾದರೆ ಅವರೂ ಸೇರಿ ಹತ್ತು ಯಹೂದಿ ಗಂಡಸರಿರಬೇಕು. ಉಳಿದ ಒಂಬತ್ತು ಮಂದಿಯನ್ನು ಎಸ್ತರ್‌ರ ಮಗಳು ರೂತ್ ಸೇರಿಸಿದ್ದಳು. ಅವರನ್ನು ಕಾರಿನಲ್ಲಿ ಕರೆದುಕೊಂಡು ಹನ್ನೊಂದೂವರೆಗೆ ಹೊರಡಲು ನಾನು ಒಪ್ಪಿದ್ದೆ.

"ರಾಹುಕಾಲದಲ್ಲಿ ಸ್ಮಶಾನಕ್ಕೆ ಹೊರಡ್ತೀರೇನ್ರೀ? ಹನ್ನೆರಡು ದಾಟ್ಲಿ," ಎಂದಳು ನನ್ನ ಹೆಂಡತಿ ಶೈಲಾ. ನಾನು ಇಂಜಿನಿಯರು. ಆದರೂ ಕೀ ಹಿಡಿದುಕೊಂಡು ಸೋಫಾದ ಮೇಲೆ ಕೂತೆ. ಕಾರಣ ಕೇಳಿ ಸ್ಯಾಮ್ಯುಯೆಲ್ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ದೇವರು ಗಡಿಯಾರ ನೋಡ್ತಾನೆ, ನಮ್ಮವನು ತಲೆ ಎಣಿಸ್ತಾನೆ."

ಹನ್ನೆರಡು ಐದಕ್ಕೆ ಹೊರಟೆವು. ಒಂದೂಕಾಲು ಗಂಟೆಯ ದಾರಿ. ಬೆಲ್ಟ್ ಪಾರ್ಕ್‌ವೇ ಹೆದ್ದಾರಿಯಲ್ಲಿ ಮುಂದೆಲ್ಲೋ ಆಕ್ಸಿಡೆಂಟ್. ಬ್ರೇಕ್ ಒತ್ತಿ ಒತ್ತಿ ಕಾಲು ಸೋತಿತು. ಜೊತೆಗೆ ಸ್ಯಾಮ್ಯುಯೆಲ್‌ರ ಪಾಠ. 'ಆಮೆನ್' ಅಂದರೆ 'ಹಾಗೇ ಆಗಲಿ' ಎಂದಷ್ಟೇ ನಾನು ತಿಳಿದಿದ್ದೆ. ಹೀಬ್ರೂವಿನಲ್ಲಿ ಅದರ ಬೇರುಪದಕ್ಕೆ ಗಟ್ಟಿಯಾಗಿ ನಿಲ್ಲುವುದು ಎಂಬ ಅರ್ಥವಂತೆ. ನಂಬಿಕೆ ಎಂಬ ಪದವೂ, ಮಗುವನ್ನು ಎತ್ತಿ ಸಾಕುವವರಿಗಿರುವ ಪದವೂ ಅದರಿಂದಲೇ ಬಂದವಂತೆ. ಹಿಂದೆ ಆಣೆಗೆ ಕಟ್ಟುಬೀಳುವವರು ಅದನ್ನು ಹೇಳುತ್ತಿದ್ದರು. ಕೇಳಿದ ಮಾತು ನಿಜವೆಂದು ಒಪ್ಪುವುದಕ್ಕೂ ಅದೇ.

"ಸ್ಯಾಮ್, ಪಾಠ ಸಾಕು, ಎಕ್ಸಿಟ್ ನೋಡಿ," ಎಂದು ರೇಗಿದೆ.

"ನೋಡ್ತಾನೇ ಇದೀನಿ. ಇಪ್ಪತ್ತು ನಿಮಿಷದಿಂದ ಅದೇ ಎಕ್ಸಿಟ್. ಬಲು ಗಟ್ಟಿ!"

ಸ್ವಲ್ಪ ತಡೆದು ಕೇಳಿದೆ: "ಅಲ್ಲಿ ನಾನೂ ಆಮೆನ್ ಅನ್ನಬಹುದಾ?"

"ಧಾರಾಳವಾಗಿ. ಎಣಿಕೆಗೆ ಮಾತ್ರ ಬರಲ್ಲ ನೀನು."

ಸ್ಮಶಾನದ ಗೇಟು ಎರಡಕ್ಕೆ ಮುಚ್ಚುತ್ತದೆ. ನಾವು ತಲುಪಿದಾಗ ಚಳಿಗಾಳಿಯಲ್ಲಿ ರೂತ್ ದಾರಿ ಕಾಯುತ್ತಿದ್ದಳು. ಪ್ರಯಾಣ ಮಾಡಬಾರದ ಸಬ್ಬತ್ ದಿನ ಸಂಜೆ ಶುರುವಾಗುವ ಮೊದಲು ದೂರದ ಮನೆ ಸೇರಬೇಕೆಂದು ಇಬ್ಬರು ಆಗಲೇ ಹೋಗಿಬಿಟ್ಟಿದ್ದರು.

ಜನರನ್ನು ಒಂದು, ಎರಡು ಎಂದು ಎಣಿಸುವ ಪದ್ಧತಿ ಅವರಲ್ಲಿಲ್ಲ. ಹತ್ತು ಪದಗಳ ಒಂದು ವಾಕ್ಯವಿದೆ, ತಲೆಗೊಂದು ಪದ. ಸ್ಯಾಮ್ಯುಯೆಲ್ ತಮ್ಮ ಎದೆ ಮುಟ್ಟಿಕೊಂಡು ಮೊದಲ ಪದ ಹೇಳಿದರು, ಆಮೇಲೆ ಒಬ್ಬೊಬ್ಬರತ್ತ ಬೆರಳು ತೋರಿಸುತ್ತ ಹೋದರು. ಎಂಟನೆಯ ಪದಕ್ಕೆ ಗಂಡಸರ ಸಾಲು ಮುಗಿಯಿತು. ಬೆರಳು ನನ್ನತ್ತ ಬಂತು, ನಿಂತಿತು, ಕೆಳಗಿಳಿಯಿತು.

ಪ್ರಾರ್ಥನೆ ಆಗಲಿಲ್ಲ. ಆ ಏಳು ಮಂದಿ ಅವರ ಕೈ ಕುಲುಕಿ ಕಾರುಗಳತ್ತ ನಡೆದರು. ಗೋರಿಯ ಬಳಿ ನಾವು ಮೂವರೇ ಉಳಿದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಯಾಮ್ಯುಯೆಲ್ ಕಲ್ಲಿನ ಮೇಲೆ ಕೈಯಿಟ್ಟು, "ಎಸ್ತರ್, ನಾನು ಹೊರಡೋದು ತಡ ಮಾಡಿದೆ. ತಪ್ಪು ನಂದು," ಎಂದರು.

"ಆಮೆನ್," ಎಂದಳು ರೂತ್, ತುಸು ಗಡುಸಾಗಿ.

ನಾನು ಅನ್ನಲಿಲ್ಲ. ಅದು ನಿಜವಲ್ಲ ಎಂದೂ ಹೇಳಲಿಲ್ಲ.

ಮುಂದಿನ ಮಾರ್ಚ್ ಬರುವ ಮೊದಲೇ ಸ್ಯಾಮ್ಯುಯೆಲ್ ತೀರಿಕೊಂಡರು. ಆ ಮಾತು ಕೇಳಿದವರಲ್ಲಿ ಈಗ ಬದುಕಿರುವವರು ಇಬ್ಬರು: ನಾನು, ಮತ್ತು ಅದನ್ನು ನಿಜವೆಂದೇ ನಂಬಿರುವ ರೂತ್.