ಸುಣ್ಣದಕ್ಕನ ಅಳತೆ ತಪ್ಪಿರಲಿಲ್ಲ

ಬೆಳಗಿನ ಐದೂವರೆ. ಕ್ರೀಡಾಂಗಣದ ಒಂದು ತುದಿಯಲ್ಲಿ ಹೆಂಗಸೊಬ್ಬರು ಮಂಡಿಯೂರಿ ನೆಲಕ್ಕೆ ಕಬ್ಬಿಣದ ಗೂಟ ಹೊಡೆಯುತ್ತಿದ್ದಾರೆ. ಗೂಟಕ್ಕೆ ಕಟ್ಟಿದ ದಾರವನ್ನು ಬಿಗಿಯಾಗಿ ಹಿಡಿದು, ಸುಣ್ಣದ ಪುಡಿ ಸುರಿಯುತ್ತ ಸುತ್ತು ಹೊರಡುತ್ತಾರೆ. ಅವರ ಹಿಂದೆ ಬಿಳಿಯ ಅರ್ಧವೃತ್ತ ಮೂಡುತ್ತದೆ. "ದಾರ ಸಡಿಲ ಬಿಟ್ರೆ ದುಂಡಗಿರೋದು ಕುಂಬಳಕಾಯಿ ಆಗುತ್ತೆ," ಎನ್ನುತ್ತಾರೆ, ತಲೆ ಎತ್ತದೆ.

ಆಟಗಾರರಿಗೆಲ್ಲ ಇವರು ಸುಣ್ಣದಕ್ಕ. ವಯಸ್ಸು ನಲವತ್ತೇಳು, ಓದಿದ್ದು ಐದನೇ ತರಗತಿ. ಓಟದ ಪಥಕ್ಕೆ ಎಂಟು ಲೇನು, ಒಂಬತ್ತು ಗೆರೆ. ಒಟ್ಟು ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್. "ಪಕ್ಕಪಕ್ಕದ ಗೆರೆಗಳು ಎಷ್ಟು ದೂರ ಹೋದ್ರೂ ಮುಟ್ಟಬಾರದು. ಮಾತು ಬಿಟ್ಟ ಓರಗಿತ್ತಿಯರ ಥರ," ಎಂದು ನಗುತ್ತಾರೆ. ಚೆಂಡಾಟದ ಅಂಕಣದ ಮೂಲೆಗೆ ಬೇರೆ ಲೆಕ್ಕ: ಒಂದು ಕಡೆ ಮೂರು ಮೀಟರ್, ಇನ್ನೊಂದು ಕಡೆ ನಾಲ್ಕು. ಅಡ್ಡಕ್ಕೆ ಸರಿಯಾಗಿ ಐದು ಬಂದರೆ ಮೂಲೆ ನೆಟ್ಟಗಿದೆ ಎಂದರ್ಥ.

ಮೊದಲು ಈ ಕೆಲಸ ಗಂಡನದು. ಒಂಬತ್ತು ವರ್ಷ ಅಕ್ಕ ದಾರದ ಇನ್ನೊಂದು ತುದಿ ಹಿಡಿದಿದ್ದರು. ಸುಣ್ಣ ಸಿಡಿದು ಗಂಡನ ಕಣ್ಣು ಮಂಜಾದ ಮೇಲೆ ತಾವೇ ಮುಂದೆ ಬಂದರು. "ಹೆಂಗಸಿನ ಕೈಲಿ ಗೆರೆ ನೆಟ್ಟಗೆ ಬರುತ್ತಾ?" ಎಂದರು ಮೇಲ್ವಿಚಾರಕರು. ಅಕ್ಕ ನೂರು ಮೀಟರ್ ಗೆರೆ ಎಳೆದು, "ಡೊಂಕು ಎಲ್ಲಿದೆ, ಬೆರಳಿಟ್ಟು ತೋರ್ಸಿ," ಎಂದರು. ಬೆರಳಿಡಲು ಜಾಗ ಸಿಗಲಿಲ್ಲ.

ಆದರೆ ಅವರನ್ನು ನಿಜವಾಗಿ ಕೆಣಕಿದ್ದು ಎರಡು ವರ್ಷದ ಹಿಂದಿನ ಆಯ್ಕೆ ಓಟ. ಬಟ್ಟೆ ಇಸ್ತ್ರಿ ಮಾಡುವವರ ಮಗಳೊಬ್ಬಳು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ಹುಡುಗಿ, ಒಂದು ಸುತ್ತಿನ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ದಾಖಲೆಯ ಸಮಯಕ್ಕೆ ಮುಗಿಸಿದಳು. ಅನುಮಾನಗೊಂಡ ತೀರ್ಪುಗಾರರು ಪಥ ಅಳೆಸಿದರು. ಒಂದೂವರೆ ಮೀಟರ್ ಕಡಿಮೆ! ಓಟವೇ ರದ್ದು ಎಂದರು. ಹುಡುಗಿ ಗೆರೆಯ ಮೇಲೆಯೇ ಕುಸಿದು ಕೂತಳು.

ಅಕ್ಕ ಕೈಯಲ್ಲಿದ್ದ ಪುಡಿ ಕೊಡವಿಕೊಂಡು ನೇರ ತೀರ್ಪುಗಾರರ ಮೇಜಿಗೆ ಹೋದರು.

"ತ್ರಿಜ್ಯ ಅಂದ್ರೆ ಏನು ಗೊತ್ತೇನಮ್ಮ ನಿನಗೆ?" ಎಂದರು ಹಿರಿಯ ತೀರ್ಪುಗಾರರು.

"ಹೆಸರು ನಿಮ್ಮ ಹತ್ರ ಇರ್ಲಿ ಸ್ವಾಮಿ. ಅಳತೆ ನನ್ನ ಹತ್ರ ಇದೆ. ನಿಮ್ಮ ಟೇಪು ಕೊಡಿ."

ಅದು ಬಟ್ಟೆಯ ಹಳೇ ಟೇಪು. ಅಕ್ಕ ತಮ್ಮ ಉಕ್ಕಿನ ಟೇಪನ್ನು ಅದರ ಪಕ್ಕಕ್ಕೆ ಎಳೆದು ಹಾಸಿದರು. ಐವತ್ತು ಮೀಟರಿಗೆ ಬಟ್ಟೆ ಒಂದು ಗೇಣು ಹಿಗ್ಗಿತ್ತು! ಹಿಗ್ಗಿದ ಟೇಪು ಉದ್ದವನ್ನು ಕಡಿಮೆ ತೋರಿಸಿತ್ತು. ಉಕ್ಕಿನ ಟೇಪಿನಲ್ಲಿ ಪೂರ್ತಿ ಸುತ್ತು ಅಳೆದಾಗ ನಾನೂರು ಮೀಟರ್ ಕರಾರುವಾಕ್ಕಾಗಿ ಬಂತು. ಹುಡುಗಿ ಆಯ್ಕೆಯಾದಳು. ಅಕ್ಕನಲ್ಲಿ ಯಾರೂ ಕ್ಷಮೆ ಕೇಳಲಿಲ್ಲ. "ನಾನೇನು ಕಾದು ಕೂತಿರಲಿಲ್ಲ. ಮಾರನೇ ದಿನದ ಪಂದ್ಯಕ್ಕೆ ಮೈದಾನ ಆಗ್ಬೇಕಿತ್ತು."

ಆದರೂ ತ್ರಿಜ್ಯದ ಪ್ರಶ್ನೆ ಅವರೊಳಗೆ ಮುಳ್ಳಿನಂತೆ ಉಳಿದಿತ್ತು. ಅಕ್ಕ ತಮ್ಮ ಮಗಳ ಗಣಿತ ಪುಸ್ತಕ ತರಿಸಿಕೊಂಡು ಮಧ್ಯಾಹ್ನಗಳಲ್ಲಿ ಓದಿದರು. ಬಿಂದು, ವ್ಯಾಸ, ಸಮಾಂತರ, ಲಂಬಕೋನ. "ಇಷ್ಟೇನಾ ಅನ್ನಿಸ್ತು. ಇವರನ್ನೆಲ್ಲ ದಿನಾ ನೋಡ್ತಿದ್ದೆ, ಹೆಸರು ಮಾತ್ರ ಕೇಳಿರಲಿಲ್ಲ. ಇನ್ಮೇಲೆ ಹೆಸರು ಕೇಳಿ ಯಾರೂ ನನ್ನ ಬಾಯಿ ಮುಚ್ಚಿಸೋ ಹಾಗಿಲ್ಲ."

ಪಥ ಅಳೆಯುವ ಅಧಿಕೃತ ತಂಡದಲ್ಲಿ ಈವರೆಗೆ ಮೈದಾನದ ಕೆಲಸಗಾರರು ಇದ್ದದ್ದೇ ಇಲ್ಲ. ಕಳೆದ ವಾರ ಅಕ್ಕ ಅಲ್ಲಿಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಗುಮಾಸ್ತರು ನಕ್ಕರಂತೆ. ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಬೇಡ ಅನ್ನೋದಾದ್ರೆ ಅನ್ಲಿ. ಯಾಕೆ ಬೇಡ ಅಂತ ಕಾಗದದ ಮೇಲೆ ಬರೆದು, ಕೆಳಗೆ ಸಹಿ ಹಾಕಿ ಕೊಡ್ಲಿ. ಅಲ್ಲೀವರೆಗೂ ವಾರಕ್ಕೊಂದು ಅರ್ಜಿ ಹಾಕ್ತೀನಿ."